ಮೊಟ್ಟೆ ಮುಟ್ಟದ ಮನೆಯಲ್ಲೂ ಕೊಲೆಸ್ಟ್ರಾಲ್ ಏಕೆ?

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಸಸ್ಯಾಹಾರಿ ಮನೆ. ಕಳೆದ ತಿಂಗಳು ನಮ್ಮ ಯಜಮಾನರ ರಕ್ತಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 238, ಎಲ್‌ಡಿಎಲ್ 158, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210 ಬಂತು. ಅವರಿಗೆ 52 ವರ್ಷ. ಅಂದಿನಿಂದ ತುಪ್ಪ ಪೂರ್ತಿ ಬಿಟ್ಟಿದ್ದಾರೆ. ತುಪ್ಪವಿಲ್ಲದೆ ಊಟ ಸೇರದೆ ಮಜ್ಜಿಗೆ ಅನ್ನ ಒಂದು ಸೌಟು ಹೆಚ್ಚೇ ಉಣ್ಣುತ್ತಾರೆ, ಸಂಜೆ ಹಸಿವೆಂದು ಬಿಸ್ಕತ್ತು ತಿನ್ನುತ್ತಾರೆ. ಅಡುಗೆಗೆ ಮೊದಲಿನಿಂದಲೂ ಕೊಬ್ಬರಿ ಎಣ್ಣೆ. ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದು ಕೇಳಿದ್ದೇನೆ. ಬೆಂಗಳೂರಿನಲ್ಲಿರುವ ಮಗ, ‘ಅನ್ನ ಬಿಟ್ಟು ಕೀಟೊ ಮಾಡಿ, ತುಪ್ಪ ಎಷ್ಟು ಬೇಕಾದರೂ ತಿನ್ನಬಹುದು’ ಎನ್ನುತ್ತಾನೆ. ನಾದಿನಿ ಆಲಿವ್ ಎಣ್ಣೆ ತರಿಸಲು ಹೇಳುತ್ತಾಳೆ. ಸಸ್ಯಾಹಾರಿಗಳಿಗೆ ಕೊಲೆಸ್ಟ್ರಾಲ್ ಏರುವುದಾದರೂ ಹೇಗೆ? ಹೃದಯಕ್ಕೆ ನಿಜವಾಗಿ ಒಳ್ಳೆಯ ಊಟ ಯಾವುದು?
ಓದುಗರೊಬ್ಬರು, ಶಿರಸಿ

ಉತ್ತರ: ವರದಿಯ ಅಂಕಿಗಳನ್ನೂ ಮನೆಯ ಊಟದ ವಿವರವನ್ನೂ ಬರೆದು ಕಳಿಸಿದ್ದೀರಿ, ಬಹಳ ಉಪಕಾರವಾಯಿತು. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ. ಕೊಲೆಸ್ಟ್ರಾಲ್ ಇರುವ ಪದಾರ್ಥಗಳನ್ನು ಅಷ್ಟಾಗಿ ತಿನ್ನದವರ ರಕ್ತದಲ್ಲಿ ಅದು ಏರುವುದು ಹೇಗೆ ಎಂಬುದು ಮೊದಲನೆಯದು. ಕೀಟೊ, ಆಲಿವ್, ಸಸ್ಯಾಹಾರ ಎಂದು ಒಬ್ಬೊಬ್ಬರು ಒಂದೊಂದು ಹೇಳುವಾಗ ಯಾರ ಮಾತು ಕೇಳಬೇಕು ಎಂಬುದು ಎರಡನೆಯದು. ಮೊದಲನೆಯದು ಬಿಡಿಸಿಕೊಂಡರೆ ಎರಡನೆಯದು ಅರ್ಧ ಬಿಡಿಸಿದಂತೆಯೇ. ಗೊಂದಲವಾದದ್ದರಲ್ಲಿ ಆಶ್ಚರ್ಯವಿಲ್ಲ. ವೈದ್ಯವಿಜ್ಞಾನಕ್ಕೂ ಇದನ್ನು ಬಿಡಿಸಿಕೊಳ್ಳಲು ದಶಕಗಳೇ ಹಿಡಿದವು.

1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಎಂಬ ವಿಜ್ಞಾನಿ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ತಿನ್ನಿಸಿದರು. ಕೆಲವು ವಾರಗಳಲ್ಲಿ ಮೊಲಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿತು. ಪ್ರಯೋಗ ಬಹಳ ಮಹತ್ವದ್ದು, ಆದರೆ ಅದರ ಬೆನ್ನಿಗೆ ಒಂದು ತಪ್ಪು ತಿಳಿವಳಿಕೆಯೂ ಹರಡಿತು: ಬಾಯಿಂದ ಹೋದ ಕೊಲೆಸ್ಟ್ರಾಲೇ ರಕ್ತದಲ್ಲಿ ಕಾಣುತ್ತದೆ ಎಂದು. ಮೊಲ ಹುಲ್ಲು ಸೊಪ್ಪು ತಿನ್ನುವ ಪ್ರಾಣಿ. ಆಹಾರದ ಕೊಲೆಸ್ಟ್ರಾಲನ್ನು ನಿಭಾಯಿಸುವ ಏರ್ಪಾಡು ಅದರ ದೇಹದಲ್ಲಿ ನಮ್ಮಷ್ಟು ಇಲ್ಲ. ಮನುಷ್ಯರಲ್ಲಿ ಕೊಲೆಸ್ಟ್ರಾಲಿನ ಸುಮಾರು ಮುಕ್ಕಾಲು ಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ಜೀವಕೋಶಗಳ ಪೊರೆಗೆ, ಪಿತ್ತರಸಕ್ಕೆ, ಹಾರ್ಮೋನುಗಳಿಗೆ, ಡಿ ಜೀವಸತ್ವಕ್ಕೆ ಅದು ಬೇಕೇ ಬೇಕು. ಹೊರಗಿಂದ ಹೆಚ್ಚು ಬಂದರೆ ಬಹುತೇಕರ ದೇಹ ಒಳಗಿನ ತಯಾರಿಕೆಯನ್ನು ತಗ್ಗಿಸಿಕೊಳ್ಳುತ್ತದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಹೆಚ್ಚಿನವರ ರಕ್ತದಲ್ಲಿ ಅದರ ಪರಿಣಾಮ ಸಣ್ಣದಾಗಿರಲು ಇದೇ ಕಾರಣ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂದು ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿದ್ದ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಆದ್ದರಿಂದ ಮೊಟ್ಟೆ ತಿನ್ನದಿರುವುದರಿಂದ ನಿಮ್ಮ ಮನೆಯವರಿಗೆ ಸಿಗುವ ರಕ್ಷಣೆ ನೀವು ಎಣಿಸಿದಷ್ಟು ದೊಡ್ಡದಲ್ಲ.

ಹಾಗಾದರೆ ಏರಿಸುವುದು ಯಾವುದು? ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ದಿನವೂ ನೋಡುತ್ತೀರಿ. ರಕ್ತವೂ ಬಹುಪಾಲು ನೀರೇ, ಕೊಲೆಸ್ಟ್ರಾಲ್ ಅದರಲ್ಲಿ ಕರಗದು. ಅದಕ್ಕಾಗಿ ದೇಹ ಅದನ್ನು ಪ್ರೋಟೀನಿನ ಹೊದಿಕೆಯಿರುವ ಸೂಕ್ಷ್ಮ ಕಣಗಳಲ್ಲಿ ತುಂಬಿ ಸಾಗಿಸುತ್ತದೆ. ಎಲ್‌ಡಿಎಲ್ ಅಂಥ ಒಂದು ಬಗೆಯ ಕಣ. ಅವು ರಕ್ತದಲ್ಲಿ ಹೆಚ್ಚು ಕಾಲ, ಹೆಚ್ಚು ಸಂಖ್ಯೆಯಲ್ಲಿ ಸುತ್ತುತ್ತಿದ್ದರೆ ನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಉಳಿದುಬಿಡುತ್ತವೆ. ಸುತ್ತುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಕ್ಕೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ನಾವು ತಿನ್ನುವ ಸ್ಯಾಚುರೇಟೆಡ್ ಕೊಬ್ಬು ಈ ಗ್ರಾಹಕಗಳ ಚುರುಕನ್ನು ತಗ್ಗಿಸುತ್ತದೆ. ಕಣಗಳು ರಕ್ತದಲ್ಲೇ ಉಳಿಯುತ್ತವೆ, ವರದಿಯಲ್ಲಿ ಅಂಕಿ ಏರುತ್ತದೆ. ಆಹಾರದ ಕೊಲೆಸ್ಟ್ರಾಲಿಗಿಂತ ಆಹಾರದಲ್ಲಿರುವ ಕೊಬ್ಬಿನ ಜಾತಿ ಎಲ್‌ಡಿಎಲ್ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆ.

ಇಲ್ಲೇ ಎಣ್ಣೆಯ ಬಗ್ಗೆ ನೀವು ಕೇಳಿದ ಮಾತನ್ನು ಬಿಡಿಸಬೇಕು, ಏಕೆಂದರೆ ಬಹಳ ಮಂದಿ ಎಡವುವುದು ಇಲ್ಲೇ. ಕೊಬ್ಬರಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಎಂಬುದು ನಿಜ. ಕಡಲೆಕಾಯಿ ಎಣ್ಣೆಯಲ್ಲೂ ಇಲ್ಲ, ತಾಳೆ ಎಣ್ಣೆಯಲ್ಲೂ ಇಲ್ಲ. ಆ ಲೆಕ್ಕದಲ್ಲಿ ಹಿಂದಿನ ಕಾಲದ ಡಾಲ್ಡಾದಲ್ಲೂ ಇರಲಿಲ್ಲ. ಕೊಲೆಸ್ಟ್ರಾಲ್ ಪ್ರಾಣಿಜನ್ಯ ಆಹಾರದಲ್ಲಿ ಸಿಗುವಂಥದ್ದು. ಗಿಡಮರಗಳ ಎಣ್ಣೆಗೆ ‘ಕೊಲೆಸ್ಟ್ರಾಲ್‌ಮುಕ್ತ’ ಎಂಬ ಬಿರುದು ಕೊಟ್ಟರೆ ಯಾವ ಹೊಸ ವಿಷಯವೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಎಂಬುದು. ಕೊಬ್ಬರಿ ಎಣ್ಣೆಯಲ್ಲಿ ಅದು ಹತ್ತಿರ ಹತ್ತಿರ 90%. ತುಪ್ಪದಲ್ಲಿ 60%ಕ್ಕಿಂತ ಸ್ವಲ್ಪ ಹೆಚ್ಚು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ, ಎಳ್ಳೆಣ್ಣೆಯಲ್ಲಿ ಸುಮಾರು 14%, ಸೂರ್ಯಕಾಂತಿಯಲ್ಲಿ ಸುಮಾರು 11%. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಇನ್ನೂ ಕಡಿಮೆ. ಚಳಿಗಾಲದ ಬೆಳಗ್ಗೆ ಯಾವುದು ಹೆಪ್ಪುಗಟ್ಟುತ್ತದೆ, ಯಾವುದು ಹರಿಯುತ್ತದೆ ಎಂದು ನೋಡಿದರೂ ಸುಮಾರಾಗಿ ಗೊತ್ತಾಗುತ್ತದೆ.

ಯಜಮಾನರು ತುಪ್ಪ ಬಿಟ್ಟರು, ಒಗ್ಗರಣೆ, ಪಲ್ಯ, ದೋಸೆಗೆ ಕೊಬ್ಬರಿ ಎಣ್ಣೆ ಹಾಗೇ ಉಳಿಯಿತು. ಒಂದು ಚಹಾ ಚಮಚ ತುಪ್ಪದಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು 3 ಗ್ರಾಂ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 12 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರು ಸ್ಯಾಚುರೇಟೆಡ್ ಕೊಬ್ಬನ್ನು ಸುಮಾರು 22 ಗ್ರಾಂ ಒಳಗೆ ಇಟ್ಟುಕೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲ್‌ಡಿಎಲ್ ಇಳಿಸಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು 13 ಗ್ರಾಂ ಆಸುಪಾಸು. ಲೆಕ್ಕ ನಿಮ್ಮ ಕಣ್ಣೆದುರೇ ಇದೆ.

ತೆಂಗಿನ ಸೀಮೆಯವರಿಗೆ ಈ ಮಾತು ಕಹಿ ಎಂದು ಬಲ್ಲೆ. ‘ನಮ್ಮ ಹಿರಿಯರು ಇದನ್ನೇ ತಿಂದು ತೊಂಬತ್ತು ಬದುಕಲಿಲ್ಲವೇ’ ಎಂದು ನೀವು ಕೇಳಬಹುದು, ಕೇಳುವುದು ನ್ಯಾಯವೇ. ಇದಕ್ಕೆ ಹೋಲುವ ಒಂದು ಅಧ್ಯಯನ ಪೆಸಿಫಿಕ್ ಸಾಗರದ ಪುಕಪುಕ ಮತ್ತು ಟೊಕೆಲಾವು ದ್ವೀಪಗಳಲ್ಲಿ ನಡೆದು 1981ರಲ್ಲಿ ಪ್ರಕಟವಾಯಿತು. ಟೊಕೆಲಾವು ಜನರ ಆಹಾರಶಕ್ತಿಯಲ್ಲಿ 63% ತೆಂಗಿನಿಂದಲೇ ಬರುತ್ತಿತ್ತು, ಪುಕಪುಕದವರಲ್ಲಿ 34%. ಹೃದ್ರೋಗ ಎರಡೂ ಕಡೆ ಅಪರೂಪ. ಇಷ್ಟನ್ನು ತೆಂಗಿನ ಪರ ಮಾತಾಡುವವರೆಲ್ಲ ಹೇಳುತ್ತಾರೆ. ಇನ್ನರ್ಧವನ್ನೂ ಹೇಳಬೇಕು. ಹೆಚ್ಚು ತೆಂಗು ತಿನ್ನುವ ಟೊಕೆಲಾವು ಜನರ ರಕ್ತದ ಕೊಲೆಸ್ಟ್ರಾಲ್ ಪುಕಪುಕದವರಿಗಿಂತ 35–40 ಮಿಲಿಗ್ರಾಂ ಹೆಚ್ಚಿತ್ತು. ಅವರು ತಿನ್ನುತ್ತಿದ್ದುದು ಬಹುಮಟ್ಟಿಗೆ ಕಾಯಿಯನ್ನೇ, ನಾರಿನ ಸಮೇತ. ಜೊತೆಗೆ ಮೀನು, ಸಕ್ಕರೆ ಬಹಳ ಕಡಿಮೆ, ಮೈಮುರಿ ದುಡಿಮೆ. ನಮ್ಮ ಹಿರಿಯರೂ ಗುಡ್ಡ ಹತ್ತಿ ಇಳಿದವರು, ಬಿಸ್ಕತ್ತಿನ ಪೊಟ್ಟಣ ಕಾಣದವರು. ಅವರ ತೆಂಗನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ಬಿಟ್ಟಿರುವ ನಮಗೆ ಅವರ ಉದಾಹರಣೆ ಪೂರ್ತಿ ಹೊಂದುವುದಿಲ್ಲ. ಹಾಗೆಂದು ತಂಬುಳಿಗೆ ಹಾಕುವ ಒಂದು ಹಿಡಿ ಕಾಯಿತುರಿಗೆ ಹೆದರಬೇಕಿಲ್ಲ. 100 ಗ್ರಾಂ ಹಸಿ ಕಾಯಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು 30 ಗ್ರಾಂ ಇದ್ದರೂ ನಾರು 9 ಗ್ರಾಂ ಇದೆ, ಎಣ್ಣೆಯಲ್ಲಿ ಆ ನಾರಿಲ್ಲ. ತುರಿಯನ್ನು ಮಿತವಾಗಿ ಇಟ್ಟುಕೊಂಡು ಎಣ್ಣೆಯನ್ನು ಬದಲಿಸಿ ಎಂಬುದು ನನ್ನ ಸಲಹೆ.

ಈಗ ವರದಿಯ ಇನ್ನೊಂದು ಮಗ್ಗುಲು. ಎಲ್‌ಡಿಎಲ್ ಹೆಚ್ಚಾದದ್ದನ್ನು ನೀವು ಗಮನಿಸಿದಿರಿ. ನನಗೆ ಅಷ್ಟೇ ಕಳವಳ ತಂದದ್ದು ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 38 ಎಂಬ ಜೋಡಿ. ಟ್ರೈಗ್ಲಿಸರೈಡ್ 150ರ ಕೆಳಗೆ, ಗಂಡಸರ ಎಚ್‌ಡಿಎಲ್ 40ರ ಮೇಲೆ ಇರಬೇಕು. ಈ ಜೋಡಿ ಭಾರತೀಯರಲ್ಲಿ ಬಹಳ ಸಾಮಾನ್ಯ, ಇದಕ್ಕೆ ತುಪ್ಪವೂ ಮೊಟ್ಟೆಯೂ ಮುಖ್ಯ ಕಾರಣವಲ್ಲ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಪಿಷ್ಟ, ಸಕ್ಕರೆ ಒಳಗೆ ಬಂದಾಗ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬೇ ಟ್ರೈಗ್ಲಿಸರೈಡ್. ಅದು ಏರಿದಾಗ ಎಚ್‌ಡಿಎಲ್ ಇಳಿಯುವುದು ವಾಡಿಕೆ. ಮದ್ಯ, ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಅದನ್ನು ಇನ್ನಷ್ಟು ಏರಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶವ್ಯಾಪಿಯಾಗಿ ನಡೆಸಿದ ಸಮೀಕ್ಷೆಯಲ್ಲಿ ನಮ್ಮ ಆಹಾರಶಕ್ತಿಯ ಸುಮಾರು 62% ಕಾರ್ಬೋಹೈಡ್ರೇಟಿನಿಂದ, ಹೆಚ್ಚಾಗಿ ಬಿಳಿ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು, ಸಕ್ಕರೆಯಿಂದ ಬರುತ್ತಿರುವುದು ಕಂಡಿದೆ.

ಯಜಮಾನರು ತುಪ್ಪ ಬಿಟ್ಟ ಜಾಗಕ್ಕೆ ಬಂದದ್ದು ಹೆಚ್ಚಿನ ಅನ್ನ ಮತ್ತು ಬಿಸ್ಕತ್ತು ಎಂದು ನೀವೇ ಬರೆದಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಇದು. ತಟ್ಟೆಯಿಂದ ಏನು ಹೋಯಿತು ಎಂದು ಎಲ್ಲರೂ ಲೆಕ್ಕ ಇಡುತ್ತಾರೆ, ಆ ಜಾಗಕ್ಕೆ ಏನು ಬಂತು ಎಂದು ಕೇಳುವವರು ಕಡಿಮೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ ಮಾತು ಇದಕ್ಕೆ ಆಧಾರ: ಸ್ಯಾಚುರೇಟೆಡ್ ಕೊಬ್ಬಿನ ಬದಲು ಸೂರ್ಯಕಾಂತಿ, ಸೋಯಾ, ಕುಸುಬೆಯಂಥ ಎಣ್ಣೆಗಳಲ್ಲಿರುವ ಬಗೆಯ ಕೊಬ್ಬು ಬಂದಾಗ ಹೃದಯ ಮತ್ತು ರಕ್ತನಾಳದ ಕಾಯಿಲೆ ಸುಮಾರು 30% ತಗ್ಗಿತು. ಅದೇ ಜಾಗಕ್ಕೆ ಮೈದಾ, ಸಕ್ಕರೆ ಬಂದಾಗ ಪ್ರಯೋಜನವಾಗಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನೊಮ್ಮೆ ಓದಿ. ಬಹಳಷ್ಟರಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮೂರೂ ಇರುತ್ತವೆ.

ಇಷ್ಟು ತಿಳಿದುಕೊಂಡು ಒಬ್ಬೊಬ್ಬರ ಸಲಹೆಯನ್ನು ನೋಡೋಣ. ಮಗ ಹೇಳುವ ಕೀಟೊ ಪಥ್ಯ 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೂರ್ಛೆರೋಗಕ್ಕಾಗಿ ರೂಪುಗೊಂಡದ್ದು. ಅನ್ನ, ರೊಟ್ಟಿ, ಹಣ್ಣು ಬಹುತೇಕ ಬಿಟ್ಟು ಕೊಬ್ಬನ್ನೇ ಮುಖ್ಯ ಆಹಾರವಾಗಿಸುವ ಕ್ರಮ. ಅವನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಾರ್ಬೋಹೈಡ್ರೇಟ್ ಕಡಿಮೆಯಾದರೆ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ, ಎಚ್‌ಡಿಎಲ್ ತುಸು ಏರುತ್ತದೆ, ತೂಕವೂ ಇಳಿಯುತ್ತದೆ. ಆದರೆ ಎಲ್‌ಡಿಎಲ್ ಕೆಲವರಲ್ಲಿ ಏರುತ್ತದೆ, ಕೆಲವರಲ್ಲಂತೂ ಗಾಬರಿಯಾಗುವಷ್ಟು. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಯಿಂದಲೇ ಕೀಟೊ ಮಾಡುವವರಲ್ಲಿ ಆ ಅಪಾಯ ಹೆಚ್ಚು. ಎಲ್‌ಡಿಎಲ್ ಈಗಾಗಲೇ 158 ಇರುವವರಿಗೆ ‘ತುಪ್ಪ ಎಷ್ಟು ಬೇಕಾದರೂ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅನ್ನ ಕಡಿಮೆ ಮಾಡಿ ಎಂಬ ಅರ್ಧವನ್ನು ತೆಗೆದುಕೊಳ್ಳಿ, ಉಳಿದರ್ಧ ಬಿಡಿ.

ನಾದಿನಿಯ ಆಲಿವ್ ಎಣ್ಣೆಯ ಹಿಂದಿರುವುದು ಮೆಡಿಟರೇನಿಯನ್ ಊಟ. ಹೃದಯಕ್ಕೆ ಸಂಬಂಧಿಸಿ ಇಷ್ಟು ಗಟ್ಟಿಯಾದ ಪುರಾವೆ ಇರುವ ಊಟದ ಕ್ರಮಗಳು ಕಡಿಮೆ. ಫ್ರಾನ್ಸಿನ ಲಿಯಾನ್‌ನಲ್ಲಿ 1988ರಿಂದ ನಡೆದ ಪ್ರಯೋಗದಲ್ಲಿ ಒಮ್ಮೆ ಹೃದಯಾಘಾತವಾಗಿ ಬದುಕುಳಿದ 605 ಮಂದಿ ಇದ್ದರು. ಅರ್ಧ ಜನಕ್ಕೆ ಸಾಮಾನ್ಯ ಪಥ್ಯ, ಅರ್ಧ ಜನಕ್ಕೆ ಹಣ್ಣು, ತರಕಾರಿ, ಬೇಳೆಕಾಳು, ಮೀನು ಹೆಚ್ಚಿರುವ, ಮಾಂಸ ಕಡಿಮೆಯಿರುವ, ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬಿರುವ ಊಟ. ಎರಡನೆಯ ಗುಂಪಿನಲ್ಲಿ ಮತ್ತೆ ಹೃದಯಾಘಾತ, ಹೃದಯಸಂಬಂಧಿ ಸಾವು ಅರ್ಧಕ್ಕಿಂತಲೂ ಕಡಿಮೆಯಾದವು. ನಾನು ಈ ಪ್ರಯೋಗವನ್ನು ಮತ್ತೆ ಮತ್ತೆ ನೆನೆಯಲು ಬೇರೊಂದು ಕಾರಣವಿದೆ. ಎರಡೂ ಗುಂಪುಗಳ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಒಂದೇ ಇತ್ತು! ಎಂದರೆ ಊಟ ಹೃದಯವನ್ನು ಕಾಯುವುದು ಕೊಲೆಸ್ಟ್ರಾಲಿನ ದಾರಿಯೊಂದರಿಂದಲೇ ಅಲ್ಲ. ರಕ್ತದೊತ್ತಡ, ನಾಳದ ಉರಿಯೂತ, ರಕ್ತ ಗರಣೆಕಟ್ಟುವ ಗುಣ, ಸಕ್ಕರೆಯ ಏರಿಳಿತ, ಇವೆಲ್ಲದರ ಮೇಲೂ ಅದರ ಕೈವಾಡವಿದೆ. ಮುಂದೆ ಸ್ಪೇನಿನಲ್ಲಿ ‘ಪ್ರೆಡಿಮೆಡ್’ ಎಂಬ ಪ್ರಯೋಗ 7,447 ಮಂದಿಯ ಮೇಲೆ ನಡೆಯಿತು. ಆಲಿವ್ ಎಣ್ಣೆ ಇಲ್ಲವೇ ಬಾದಾಮಿ, ಅಕ್ರೋಟಿನಂಥ ಬೀಜಗಳನ್ನು ಸೇರಿಸಿದ ಮೆಡಿಟರೇನಿಯನ್ ಊಟದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಒಟ್ಟಾಗಿ ಸುಮಾರು 30% ಕಡಿಮೆ. 2013ರಲ್ಲಿ ಪ್ರಕಟವಾದ ವರದಿಯನ್ನು ಗುಂಪು ಹಂಚಿಕೆಯಲ್ಲಿನ ಲೋಪದಿಂದಾಗಿ ಹಿಂಪಡೆದು, ಲೆಕ್ಕ ತಿದ್ದಿ 2018ರಲ್ಲಿ ಮತ್ತೆ ಪ್ರಕಟಿಸಿದರು; ಮುಖ್ಯ ಫಲಿತಾಂಶ ಬದಲಾಗಲಿಲ್ಲ.

ಆದರೆ ಆಲಿವ್ ಎಣ್ಣೆಯ ಒಂದು ಶೀಸೆ ತಂದು ಉಳಿದ ಊಟ ಹಾಗೇ ಇಟ್ಟರೆ ಅದು ಮೆಡಿಟರೇನಿಯನ್ ಊಟ ಆಗದು. ಕೆಲಸ ಮಾಡುವುದು ಕಾಳು, ಸೊಪ್ಪು, ಬೀಜ, ಹಣ್ಣು, ಎಣ್ಣೆ ಎಲ್ಲ ಸೇರಿದ ಕ್ರಮ. ಆಲಿವ್ ಎಣ್ಣೆಯ ಮುಖ್ಯ ಕೊಬ್ಬಾದ ಓಲಿಕ್ ಆಮ್ಲ ಕಡಲೆಕಾಯಿ ಎಣ್ಣೆಯಲ್ಲೂ ಹೆಚ್ಚುಕಡಿಮೆ ಅರ್ಧದಷ್ಟಿದೆ. ನಿಮ್ಮ ಅಡುಗೆಗೆ ಅದು ಸಾಕು.

ನಿಮ್ಮ ಸಸ್ಯಾಹಾರಕ್ಕೆ ಬಂದರೆ, ಅದನ್ನು ಅಲ್ಲಗಳೆಯಬೇಡಿ. ಮಾಂಸಾಹಾರದಿಂದ ಸಸ್ಯಾಹಾರಕ್ಕೆ ಬದಲಾದವರ ಎಲ್‌ಡಿಎಲ್ ಸರಾಸರಿ 13 ಮಿಲಿಗ್ರಾಂನಷ್ಟು ಇಳಿದುದನ್ನು ಪ್ರಯೋಗಗಳು ತೋರಿಸಿವೆ. ಅದರ ಶಕ್ತಿ ಎಷ್ಟೆಂದು ಕಾಣಬೇಕಾದರೆ ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಬೇಕು. ಅವರು ಕೊಟ್ಟದ್ದು ಸಸ್ಯಾಹಾರಿ ಊಟ: ಓಟ್ಸ್, ಜವೆಗೋಧಿ, ಇಸಬ್ಗೋಲ್, ಸೋಯಾ, ಬಾದಾಮಿ, ಸಸ್ಯ ಸ್ಟೆರಾಲ್ ಬೆರೆಸಿದ ಮಾರ್ಗರಿನ್, ಜೊತೆಗೆ ನಮ್ಮ ಬೆಂಡೆಕಾಯಿ, ಬದನೆಕಾಯಿ. ನಾಲ್ಕೇ ವಾರದಲ್ಲಿ ಎಲ್‌ಡಿಎಲ್ ಸುಮಾರು 29% ಇಳಿಯಿತು. ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಗುಳಿಗೆ ನುಂಗಿದವರಲ್ಲಿ ಇಳಿದದ್ದು ಸುಮಾರು 31%. ಅಲ್ಲಿ ಊಟ ತೂಕ ಮಾಡಿ ಕೊಟ್ಟಿದ್ದರು. ಮುಂದೆ ಜನ ತಮ್ಮ ತಮ್ಮ ಮನೆಯಲ್ಲಿ ಮಾಡಿಕೊಂಡಾಗ ಇಳಿಕೆ ಸುಮಾರು 13% ಆಯಿತು. ನೀವೂ ಮನೆಯಲ್ಲಿ 10ರಿಂದ 15% ನಿರೀಕ್ಷಿಸಬಹುದು.

ಬೆಂಡೆಕಾಯಿಯ ಲೋಳೆ, ಓಟ್ಸ್ ಗಂಜಿಯ ಅಂಟು, ಇಸಬ್ಗೋಲಿನ ಜಿಗುಟು ಇವೆಲ್ಲ ಕರಗುವ ನಾರು. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲ ಮಾಡಿ ಕರುಳಿಗೆ ಬಿಡುತ್ತದೆ, ಹೆಚ್ಚಿನ ಪಾಲನ್ನು ಮತ್ತೆ ಹೀರಿಕೊಳ್ಳುತ್ತದೆ. ಈ ನಾರು ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಹೊಸದಾಗಿ ಮಾಡಿಕೊಳ್ಳಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ.

ಹಾಗಾಗಿ ನಿಮ್ಮ ಅಡುಗೆಮನೆಯಲ್ಲಿ ಕ್ರಾಂತಿಯೇನೂ ಬೇಡ. ಒಗ್ಗರಣೆ, ಪಲ್ಯಕ್ಕೆ ಕಡಲೆಕಾಯಿ ಎಣ್ಣೆ ಒಂದು ತಿಂಗಳು, ಸೂರ್ಯಕಾಂತಿ ಅಥವಾ ಎಳ್ಳೆಣ್ಣೆ ಇನ್ನೊಂದು ತಿಂಗಳು, ಅಳತೆ ಮೀರದಂತೆ. ಅನ್ನವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ. ಆ ಜಾಗವನ್ನು ಖಾಲಿ ಬಿಡದೆ ಹೆಸರುಕಾಳು, ಅಲಸಂದೆ, ಹುರುಳಿ, ಕಡಲೆಯ ಉಸುಳಿ ಅಥವಾ ಪಲ್ಯದಿಂದ ತುಂಬಿ. ಹುರುಳಿ ಕಟ್ಟಿನ ಸಾರು ಮಾಡಿದಾಗ ಕಾಳನ್ನು ದನಕ್ಕೆ ಹಾಕಬೇಡಿ, ನಾರೆಲ್ಲ ಅದರಲ್ಲೇ ಇದೆ. ದಿನಕ್ಕೊಂದು ಬಟ್ಟಲು ಬೇಯಿಸಿದ ಕಾಳು ಎಲ್‌ಡಿಎಲ್ ಅನ್ನು ಸುಮಾರು 5% ಇಳಿಸುತ್ತದೆ. ಸಂಜೆಯ ಹಸಿವಿಗೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿದ ಶೇಂಗಾ ಅಥವಾ ಬಾದಾಮಿ, ಒಂದು ಪೇರಲೆ. ಇಷ್ಟು ಮಾಡಿದ ಮೇಲೆ ಬಿಸಿ ಅನ್ನಕ್ಕೆ ಅರ್ಧ ಚಹಾ ಚಮಚ ತುಪ್ಪ ಹಾಕಿಕೊಂಡರೆ ಅಡ್ಡಿಯಿಲ್ಲ. ಊಟ ರುಚಿಸಿದರೆ ಮಜ್ಜಿಗೆ ಅನ್ನದ ಆ ಹೆಚ್ಚುವರಿ ಸೌಟು ತಾನಾಗಿ ತಪ್ಪುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಕೊಲೆಸ್ಟ್ರಾಲನ್ನು ಏರಿಸದಿದ್ದರೂ ರಕ್ತದೊತ್ತಡ ಏರಿಸುತ್ತದೆ, ಅದನ್ನೂ ನೆನಪಿಡಿ.

ಫಿಲ್ಟರ್ ಕಾಫಿಯ ಅಭ್ಯಾಸವಿದ್ದರೆ ಒಂದು ಮಾತು. ಕಾಫಿಬೀಜದಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಥ ಪದಾರ್ಥವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿ ಕುದಿಸಿ ಕುಡಿಯುವ ನಾರ್ವೆ ಜನರ ಅಧ್ಯಯನದಿಂದ 1980ರ ದಶಕದಲ್ಲಿ ಈ ಜಾಡು ಸಿಕ್ಕಿತು. ಕಾಗದದ ಸೋಸುಕ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಲೋಹದ ಫಿಲ್ಟರಿನ ತೂತುಗಳು ಅಷ್ಟು ತಡೆಯವು. ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಚಿಂತಿಸಬೇಕಿಲ್ಲ. ಐದಾರು ಲೋಟ ಕುಡಿಯುವವರು ತಗ್ಗಿಸುವುದು ಒಳ್ಳೆಯದು.

ಊಟದ ಆಚೆಗೂ ನೋಡಬೇಕಾದದ್ದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ 53ರ ಆಸುಪಾಸಿನಲ್ಲಿ, ಉಳಿದ ಕಡೆಯವರಿಗಿಂತ ಐದಾರು ವರ್ಷ ಮೊದಲೇ ಆಗುವುದನ್ನು ಆ ಅಧ್ಯಯನ ತೋರಿಸಿತು. ಯಜಮಾನರ ವಯಸ್ಸು ಅದರ ಹತ್ತಿರವೇ ಇದೆ. ಕೊಲೆಸ್ಟ್ರಾಲ್ ಕಣಗಳ ಅಸಮತೋಲನದ ಜೊತೆಗೆ ಅಲ್ಲಿ ಎದ್ದುಕಂಡ ದೊಡ್ಡ ಕಾರಣ ತಂಬಾಕು. ಕವಳಕ್ಕೆ ಹೊಗೆಸೊಪ್ಪು ಹಾಕಿಕೊಳ್ಳುವ ರೂಢಿಯಿದ್ದರೆ, ಊಟದ ಪಥ್ಯಕ್ಕಿಂತ ಮೊದಲು ಅದನ್ನು ಬಿಡಲಿ.

ವೈದ್ಯರನ್ನು ಕಂಡಾಗ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ; ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದವರಿದ್ದರೆ ತಿಳಿಸಿ. ಸುಮಾರು 250 ಜನರಲ್ಲಿ ಒಬ್ಬರಿಗೆ ಎಲ್‌ಡಿಎಲ್ ಹುಟ್ಟಿನಿಂದಲೇ ಹೆಚ್ಚಿರುತ್ತದೆ, ಅಂಥವರಿಗೆ ಊಟವೊಂದೇ ಸಾಲದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಯಸ್ಸು ಎಲ್ಲ ನೋಡಿ ವೈದ್ಯರು ಸ್ಟಾಟಿನ್ ಗುಳಿಗೆ ಬರೆದರೆ ಅದನ್ನು ಸೋಲೆಂದು ತಿಳಿಯಬೇಡಿ. ಗುಳಿಗೆಯೂ ಊಟವೂ ಬೇರೆ ಬೇರೆ ದಾರಿಯಿಂದ ಕೆಲಸ ಮಾಡುತ್ತವೆ, ಎರಡನ್ನೂ ಒಟ್ಟಿಗೆ ನಡೆಸಬಹುದು.

ಮತ್ತೆ ಪರೀಕ್ಷೆ ಮಾಡಿಸುವುದು ಆರರಿಂದ ಹನ್ನೆರಡು ವಾರಗಳ ನಂತರ. ಅದಕ್ಕಿಂತ ಮೊದಲು ಮಾಡಿಸಿದರೆ ಊಟದ ಬದಲಾವಣೆಯ ಫಲ ಪೂರ್ತಿ ಕಾಣದಿರಬಹುದು. ಅದೇ ಪ್ರಯೋಗಾಲಯಕ್ಕೆ ಹೋಗಿ, ರಾತ್ರಿಯಿಂದ ಹನ್ನೆರಡು ಗಂಟೆ ಉಪವಾಸವಿದ್ದು ರಕ್ತ ಕೊಡಲಿ. ಮದುವೆ, ಹಬ್ಬದ ಊಟದ ಮಾರನೆಯ ದಿನ ಬೇಡ, ಜ್ವರದಿಂದ ಎದ್ದ ವಾರವೂ ಬೇಡ. ಹೊಸ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನು ಕಳೆದು ನೋಡಿ. ಈಗ ಅದು 200 ಇದೆ. ನಾಳಕ್ಕೆ ಅಂಟುವ ಎಲ್ಲ ಬಗೆಯ ಕಣಗಳೂ ಆ ಒಂದು ಅಂಕಿಯಲ್ಲಿ ಸೇರಿರುವುದರಿಂದ, ಇಳಿಕೆಯನ್ನು ಅದರಿಂದಲೇ ಅಳೆಯಿರಿ.